ಹೆಸರು ಬದಲಾಯಿತು, ಲಾಕಪ್ ಬದಲಾಗಲಿಲ್ಲ: ಕೆಟ್ಟುಹೋದ ಪೊಲೀಸ್ ದಳವನ್ನು ತಿದ್ದುವುದು ಹೇಗೆ?

2020ರ ಅಕ್ಟೋಬರ್ 11ರಂದು ನೈಜೀರಿಯಾದ ಪೊಲೀಸ್ ಮಹಾನಿರೀಕ್ಷಕ ಮೊಹಮ್ಮದ್ ಅಡಾಮು ಅವರು ‘ಸಾರ್ಸ್’ ಎಂದು ಕರೆಯಲಾಗುತ್ತಿದ್ದ ವಿಶೇಷ ದರೋಡೆ ನಿಗ್ರಹ ದಳವನ್ನು ವಿಸರ್ಜಿಸಿರುವುದಾಗಿ ಘೋಷಿಸಿದರು. ಎರಡೇ ದಿನ ಕಳೆದು, 13ರಂದು, ಅದರ ಜಾಗಕ್ಕೆ ‘ಸ್ವಾಟ್’ ಎಂಬ ಹೊಸ ದಳ ಬರುತ್ತದೆ ಎಂದರು. ಅಷ್ಟು ಹೊತ್ತಿಗೆ ಲಾಗೋಸ್, ಅಬುಜಾ ಸೇರಿ ದೇಶದ ಹತ್ತಾರು ಊರುಗಳಲ್ಲಿ ಬೀದಿಗಿಳಿದಿದ್ದ ಯುವಜನರು ಮನೆಗೆ ಹೋಗಲಿಲ್ಲ. ‘ಸಾರ್ಸ್ ಕೊನೆಗೊಳಿಸಿ’ ಎಂಬ ಕೂಗಿಗೆ ‘ಸ್ವಾಟ್ ಕೊನೆಗೊಳಿಸಿ’ ಎಂಬುದನ್ನೂ ಸೇರಿಸಿಕೊಂಡು ಅಲ್ಲೇ ಕೂತರು.

ಸರ್ಕಾರ ಕೇಳಿದ್ದನ್ನು ಕೊಟ್ಟ ಮೇಲೂ ಜನ ಯಾಕೆ ಎದ್ದು ಹೋಗಲಿಲ್ಲ ಎಂಬುದು ಹೊರಗಿನವರಿಗೆ ಒಗಟಿನಂತೆ ಕಂಡಿತು. ಉತ್ತರ ಅವರು ಮುಂದಿಟ್ಟ ಐದು ಬೇಡಿಕೆಗಳಲ್ಲೇ ಇತ್ತು. ಬಂಧಿಸಿದ ಹೋರಾಟಗಾರರನ್ನು ಬಿಡಬೇಕು. ಪೊಲೀಸ್ ದೌರ್ಜನ್ಯದಲ್ಲಿ ಸತ್ತವರ ಕುಟುಂಬಗಳಿಗೆ ನ್ಯಾಯ ಮತ್ತು ಪರಿಹಾರ ಸಿಗಬೇಕು. ದೂರುಗಳ ತನಿಖೆ ಮತ್ತು ಮೊಕದ್ದಮೆಗಳ ಮೇಲೆ ಕಣ್ಣಿಡಲು ಹತ್ತು ದಿನಗಳೊಳಗೆ ಸ್ವತಂತ್ರ ಸಂಸ್ಥೆ ರಚಿಸಬೇಕು. ವಿಸರ್ಜಿತ ದಳದ ಸಿಬ್ಬಂದಿಯನ್ನು ಬೇರೆ ಕಡೆ ನಿಯೋಜಿಸುವ ಮುನ್ನ ಮನೋವೈದ್ಯಕೀಯ ತಪಾಸಣೆ ಮಾಡಿ, ಮರುತರಬೇತಿ ಕೊಡಬೇಕು. ಐದನೆಯದು: ಪೊಲೀಸರ ಸಂಬಳ ಹೆಚ್ಚಿಸಬೇಕು.

ಈ ಕೊನೆಯ ಬೇಡಿಕೆಯನ್ನು ಇನ್ನೊಮ್ಮೆ ಓದಿ. ಪೊಲೀಸರಿಂದ ಹೊಡೆಸಿಕೊಂಡವರು, ಅಣ್ಣತಮ್ಮಂದಿರನ್ನು ಕಳೆದುಕೊಂಡವರು ಪೊಲೀಸರಿಗೆ ಸಂಬಳ ಜಾಸ್ತಿ ಮಾಡಿ ಎಂದು ರಸ್ತೆಯಲ್ಲಿ ಕೂತಿದ್ದರು. ಘೋಷಣೆ ‘ರದ್ದು ಮಾಡಿ’ ಎಂದಿತ್ತು. ಪಟ್ಟಿಯ ಪ್ರತಿಯೊಂದು ಸಾಲೂ ಸುಧಾರಣೆಯ ಬಗ್ಗೆಯೇ ಇತ್ತು. ಇತ್ತ ಸರ್ಕಾರ ‘ಸುಧಾರಣೆ’ ಎಂಬ ಪದವನ್ನು ಅದಕ್ಕೂ ಮೂರು ವರ್ಷ ಮೊದಲಿನಿಂದ ಹೇಳುತ್ತಲೇ ಬಂದಿತ್ತು, ಮಾಡಿರಲಿಲ್ಲ. ದೌರ್ಜನ್ಯಕ್ಕೆ ಹೆಸರಾದ ದಳವೊಂದನ್ನು ತಿದ್ದಬೇಕೋ ಕಿತ್ತುಹಾಕಬೇಕೋ ಎಂಬ ಚರ್ಚೆ ಎಲ್ಲ ದೇಶಗಳಲ್ಲೂ ಬರುತ್ತದೆ. ನನ್ನ ನಿಲುವು ತಿದ್ದುವುದರ ಕಡೆಗಿದೆ. ಆದರೆ ತಿದ್ದುವುದು ಎಂದರೆ ಏನೇನು ಎಂದು ಬಿಡಿಸಿ ಹೇಳದಿದ್ದರೆ ಆ ನಿಲುವಿಗೆ ಬೆಲೆಯಿಲ್ಲ. ನೈಜೀರಿಯಾದ ಕಥೆಯನ್ನು ಇಲ್ಲಿ ವಿವರವಾಗಿ ಹೇಳುತ್ತಿರುವುದು ಅದಕ್ಕೇ.

ಸಾರ್ಸ್ ಹುಟ್ಟಿದ್ದು 1992ರಲ್ಲಿ, ಲಾಗೋಸ್‌ನಲ್ಲಿ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಪೊಲೀಸರು ನಾಕಾಬಂದಿಯೊಂದರಲ್ಲಿ ಸೇನೆಯ ಕರ್ನಲ್ ರಿಂಡಮ್ ಅವರನ್ನು ಕೊಂದರು. ದೇಶದಲ್ಲಿ ಆಗ ಮಿಲಿಟರಿ ಆಡಳಿತ. ಕೆರಳಿದ ಸೈನಿಕರು ಪೊಲೀಸರನ್ನು ಹುಡುಕಿಕೊಂಡು ಬೀದಿಗೆ ಬಂದರು. ಪೊಲೀಸರು ಠಾಣೆ, ಚೆಕ್‌ಪೋಸ್ಟ್ ಬಿಟ್ಟು ತಲೆಮರೆಸಿಕೊಂಡರು. ಕಾವಲಿಲ್ಲದ ಲಾಗೋಸ್‌ನಲ್ಲಿ ದರೋಡೆಕೋರರದೇ ರಾಜ್ಯವಾಯಿತು. ಆ ಹೊತ್ತಿನಲ್ಲಿ ಸೈಮನ್ ಡಾಂಜುಮಾ ಮಿಡೆಂಡಾ ಎಂಬ ಅಧಿಕಾರಿ ಹದಿನೈದು ಮಂದಿಯನ್ನು ಆರಿಸಿ, ಗುರುತಿಲ್ಲದ ಎರಡು ಸ್ಟೇಷನ್ ವ್ಯಾಗನ್‌ಗಳನ್ನು ಕೊಟ್ಟು ಗುಟ್ಟಾಗಿ ಕೆಲಸಕ್ಕಿಳಿಸಿದರು. ಸಮವಸ್ತ್ರ ತೊಟ್ಟರೆ ಸೈನಿಕರ ಕೈಗೆ ಸಿಗುವ ಭಯ. ಹಾಗಾಗಿ ಎಲ್ಲರೂ ಮಫ್ತಿಯಲ್ಲಿ. ನವೆಂಬರ್‌ನಲ್ಲಿ ದಳಕ್ಕೆ ಅಧಿಕೃತ ರೂಪ ಸಿಕ್ಕಿತು.

ಅವರು ಮಾಡಿದ ಕೆಲಸವನ್ನು ಲಾಗೋಸ್‌ನ ಜನ ಆಗ ಮೆಚ್ಚಿಕೊಂಡಿದ್ದರು. ಇದನ್ನು ಮರೆಯಬಾರದು. ಮನೆಗೆ ನುಗ್ಗುವ ದರೋಡೆಕೋರರ ಕೈಯಲ್ಲಿ ಬಂದೂಕು ಇರುವ ಊರಿನಲ್ಲಿ, ಅವರನ್ನು ಹಿಡಿಯುವ ದಳ ಜನರಿಗೆ ದೊಡ್ಡ ಆಸರೆ. ತೊಂದರೆ ಬೇರೆ ಕಡೆ ಇತ್ತು. ಮಫ್ತಿ, ಗುರುತಿಲ್ಲದ ವಾಹನ, ಯಾರಿಗೂ ಲೆಕ್ಕ ಒಪ್ಪಿಸದ ಗುಟ್ಟು — ಇವೆಲ್ಲ ಆ ಒಂದು ಸಂದರ್ಭದ ಅನಿವಾರ್ಯತೆಗಳು. ಸಂದರ್ಭ ಮುಗಿಯಿತು, ಅವು ಮಾತ್ರ ಉಳಿದುಕೊಂಡವು. 2002ರ ಹೊತ್ತಿಗೆ ದಳ ನೈಜೀರಿಯಾದ ಎಲ್ಲ 36 ರಾಜ್ಯಗಳಿಗೂ ರಾಜಧಾನಿ ಅಬುಜಾಕ್ಕೂ ಹರಡಿತು. ಹದಿನೈದು ಮಂದಿಯ ಗುಟ್ಟಿನ ತಂಡಕ್ಕೆ ಒಬ್ಬ ಅಧಿಕಾರಿಯ ನೇರ ಕಣ್ಗಾವಲು ಇರುತ್ತದೆ. ದೇಶದ ತುಂಬ ಹರಡಿದ ಗುಟ್ಟಿನ ದಳದ ಮೇಲೆ ಕಣ್ಣಿಡುವವರು ಯಾರು?

ದರೋಡೆ, ಅಪಹರಣ ಇವರ ಮೂಲ ಕೆಲಸ. ಬರಬರುತ್ತಾ ಅಂತರ್ಜಾಲ ವಂಚನೆಯೂ ಇವರ ತೆಕ್ಕೆಗೆ ಬಂತು. ಆನ್‌ಲೈನ್ ವಂಚಕರನ್ನು ಅಲ್ಲಿ ‘ಯಾಹೂ ಬಾಯ್ಸ್’ ಎನ್ನುತ್ತಾರೆ. ಯಾಹೂ ಬಾಯ್ ಹೇಗಿರುತ್ತಾನೆ? ಕೈಯಲ್ಲಿ ಲ್ಯಾಪ್‌ಟಾಪ್, ಒಳ್ಳೆಯ ಫೋನು, ಜಡೆಗಟ್ಟಿದ ಕೂದಲು, ತೋಳಿನಲ್ಲಿ ಹಚ್ಚೆ. ಹೀಗೆ ಕಂಡ ಯುವಕರೆಲ್ಲ ಸಂಶಯಿತರಾದರು. ದಾರಿಯಲ್ಲಿ ನಿಲ್ಲಿಸಿ ಫೋನ್ ಕಸಿದು ಬ್ಯಾಂಕ್ ಸಂದೇಶಗಳನ್ನು ನೋಡುವುದು, ಖಾತೆಯಲ್ಲಿ ಹಣ ಕಂಡರೆ ಎಟಿಎಂಗೆ ಕರೆದೊಯ್ದು ತೆಗೆಸಿಕೊಳ್ಳುವುದು, ಕೊಡದಿದ್ದರೆ ದರೋಡೆಯ ಕೇಸು ಹಾಕುತ್ತೇವೆಂದು ಹೆದರಿಸುವುದು. ಇಂಥ ದೂರುಗಳು ಸಾವಿರ ಬಾಯಿಗಳಿಂದ ಬಂದವು. ದೂರಿದವರಲ್ಲಿ ಹೆಚ್ಚಿನವರು ಇಪ್ಪತ್ತು, ಮೂವತ್ತರ ಪ್ರಾಯದ ಗಂಡಸರು.

ಠಾಣೆಯ ಒಳಗಿನದು ಇದಕ್ಕಿಂತ ಘೋರ. ಅಬುಜಾದಲ್ಲಿ ಈ ದಳದ ಬಂಧನ ಕೇಂದ್ರವೊಂದು ಹಿಂದೆ ಕಸಾಯಿಖಾನೆ ಇದ್ದ ಜಾಗದಲ್ಲಿತ್ತು. ಜನರ ಬಾಯಲ್ಲಿ ಅದರ ಹೆಸರೂ ಅದೇ. ಅಲ್ಲಿನ ಕಿಕ್ಕಿರಿದ ಕೋಣೆಗಳಲ್ಲಿ 130 ಮಂದಿಯನ್ನು ಕಂಡದ್ದಾಗಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2016ರಲ್ಲಿ ಬರೆಯಿತು. ಅದಕ್ಕೆ ಎರಡು ವರ್ಷ ಮೊದಲಿನ ಇನ್ನೊಂದು ವರದಿ, ನೈಜೀರಿಯಾದ ಕೆಲವು ಠಾಣೆಗಳಲ್ಲಿ ‘ಚಿತ್ರಹಿಂಸೆಯ ಉಸ್ತುವಾರಿ ಅಧಿಕಾರಿ’ ಎಂಬ ಅನೌಪಚಾರಿಕ ಹುದ್ದೆಯೇ ಇತ್ತು ಎಂದು ದಾಖಲಿಸಿತ್ತು. ಒಬ್ಬ ಸಿಬ್ಬಂದಿ ಸಿಟ್ಟಿನ ಭರದಲ್ಲಿ ಕೈ ಎತ್ತುವುದು ಬೇರೆ. ಹೊಡೆಯುವುದಕ್ಕೇ ಒಬ್ಬನನ್ನು ಇಟ್ಟುಕೊಂಡಿದ್ದಾರೆ ಎಂದರೆ ಅಲ್ಲಿ ಹೊಡೆತವೇ ತನಿಖೆಯ ವಿಧಾನವಾಗಿದೆ ಎಂದರ್ಥ. 2017ರ ಜನವರಿಯಿಂದ 2020ರ ಮೇ ತನಕ ಈ ದಳದವರು ನಡೆಸಿದ ಚಿತ್ರಹಿಂಸೆ, ದೌರ್ಜನ್ಯ ಮತ್ತು ಕಾನೂನುಬಾಹಿರ ಹತ್ಯೆಯ 82 ಪ್ರಕರಣಗಳನ್ನು ಆಮ್ನೆಸ್ಟಿ ಕಲೆಹಾಕಿತು. 2017ರ ಕೊನೆಯಲ್ಲೇ ನೈಜೀರಿಯಾದಲ್ಲಿ ಚಿತ್ರಹಿಂಸೆ ತಡೆ ಕಾಯ್ದೆ ಬಂದಿತ್ತು.

ಮನುಷ್ಯರು ಹೀಗೇಕೆ ಆಗುತ್ತಾರೆ? ‘ಕೆಟ್ಟವರು ಸೇರಿಕೊಂಡರು’ ಎಂಬ ಉತ್ತರ ಸುಲಭ, ಆದರೆ ಅದರಿಂದ ಯಾವ ದಳವೂ ರಿಪೇರಿಯಾಗಿಲ್ಲ. ನೈಜೀರಿಯಾದಲ್ಲಿ ಕೆಲವು ಗಂಟುಗಳು ಒಟ್ಟಿಗೆ ಬಿಗಿದುಕೊಂಡಿದ್ದವು.

ಮೊದಲನೆಯದು ತನಿಖೆ. ಬೆರಳಚ್ಚು, ವಿಧಿವಿಜ್ಞಾನ ಪ್ರಯೋಗಾಲಯ, ಫೋನ್ ದಾಖಲೆಗಳ ವಿಶ್ಲೇಷಣೆ ಇವೆಲ್ಲ ದುರ್ಬಲವಾಗಿರುವ ಕಡೆ ಕೇಸು ನಿಲ್ಲುವುದು ಆರೋಪಿಯ ತಪ್ಪೊಪ್ಪಿಗೆಯ ಮೇಲೆ. ತಪ್ಪೊಪ್ಪಿಗೆಯನ್ನು ಬೇಗ ಹೊರಡಿಸುವ ದಾರಿ ಯಾವುದೆಂದು ನಮ್ಮಲ್ಲಿ ‘ಥರ್ಡ್ ಡಿಗ್ರಿ’ ಎಂಬ ಪದ ಕೇಳಿದವರಿಗೆಲ್ಲ ಗೊತ್ತು. ಪ್ರಕರಣ ಭೇದಿಸಿದರೆ ಬಡ್ತಿ, ಹೊಗಳಿಕೆ. ಹೇಗೆ ಭೇದಿಸಿದಿರಿ ಎಂದು ಕೇಳುವವರಿಲ್ಲ.

ಎರಡನೆಯದು ದುಡ್ಡು. ಸಿಬ್ಬಂದಿಗೆ ಸಂಬಳ ಕಡಿಮೆ. ಜೀಪಿನ ಪೆಟ್ರೋಲು, ಠಾಣೆಯ ಕಾಗದ ಕೂಡ ಹಲವೆಡೆ ದೂರುದಾರರ ಜೇಬಿನಿಂದ ಬರಬೇಕು. ಅದಕ್ಕಿಂತ ಮುಖ್ಯವಾದದ್ದು, ವಸೂಲಾದ ಹಣ ಕೆಳಗೇ ಉಳಿಯುವುದಿಲ್ಲ. ರಸ್ತೆಯಲ್ಲಿ ನಿಂತವನು ಇಂತಿಷ್ಟು ಎಂದು ಮೇಲಿನವರಿಗೆ ಒಪ್ಪಿಸುವ ಪದ್ಧತಿಯನ್ನು ಹ್ಯೂಮನ್ ರೈಟ್ಸ್ ವಾಚ್ 2010ರ ವರದಿಯಲ್ಲಿ ವಿವರಿಸಿತು. ನಮ್ಮ ಕಡೆ ಇದಕ್ಕೆ ‘ಮಾಮೂಲಿ’ ಎನ್ನುತ್ತೇವೆ. ಮಾಮೂಲಿ ಮೇಲಕ್ಕೆ ಹರಿಯುವ ಕಡೆ ಕೆಳಗಿನವನ ಮೇಲೆ ದೂರು ಬಂದರೆ ಅದನ್ನು ತನಿಖೆ ಮಾಡುವವನು ಅದೇ ಹಣದ ಪಾಲುದಾರನಾಗಿರುತ್ತಾನೆ. ಸಂಬಳ ಏರಿಸಿ ಎಂದು ಹೋರಾಟಗಾರರು ಕೇಳಿದ್ದು ದೊಡ್ಡ ಮನಸ್ಸಿನಿಂದ ಅಷ್ಟೇ ಅಲ್ಲ, ಈ ಲೆಕ್ಕ ಅವರಿಗೆ ಸರಿಯಾಗಿ ಗೊತ್ತಿತ್ತು.

ಮೂರನೆಯದು ಕಾನೂನು. 1943ರಲ್ಲಿ ಬ್ರಿಟಿಷರು ಮಾಡಿದ ಪೊಲೀಸ್ ಕಾಯ್ದೆ ನೈಜೀರಿಯಾದಲ್ಲಿ 2020ರ ಸೆಪ್ಟೆಂಬರ್ ತನಕ ಮೂಲಭೂತವಾಗಿ ಹಾಗೇ ನಡೆಯಿತು. ಜನರನ್ನು ಹದ್ದುಬಸ್ತಿನಲ್ಲಿಡಲು ವಸಾಹತುಶಾಹಿ ಕಟ್ಟಿದ ಪಡೆ ಅದು. ಜನರಿಗೆ ಉತ್ತರ ಹೇಳಬೇಕೆಂಬ ಕಲ್ಪನೆ ಅದರ ಅಡಿಪಾಯದಲ್ಲೇ ಇಲ್ಲ. 1861ರ ಪೊಲೀಸ್ ಕಾಯ್ದೆಯ ನೆರಳಿನಲ್ಲಿ ಬೆಳೆದ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಈಗ ‘ಸುಧಾರಣೆ’ಗಳ ಸರದಿಗೆ ಬರೋಣ. 2017ರ ಡಿಸೆಂಬರ್‌ನಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ‘ಎಂಡ್ ಸಾರ್ಸ್’ ಅಭಿಯಾನ ಶುರುವಾಯಿತು. ಪೊಲೀಸ್ ಇಲಾಖೆ ಆಗಲೇ ದಳವನ್ನು ಪುನರ್‌ರಚಿಸುತ್ತೇವೆ ಎಂದಿತು. 2018ರ ಆಗಸ್ಟ್‌ನಲ್ಲಿ, ಅಧ್ಯಕ್ಷರ ಗೈರಿನಲ್ಲಿ ಅಧಿಕಾರ ನಡೆಸುತ್ತಿದ್ದ ಯೆಮಿ ಒಸಿನ್‌ಬಾಜೊ ಅವರು ತಕ್ಷಣ ಆಮೂಲಾಗ್ರ ಬದಲಾವಣೆ ಆಗಬೇಕೆಂದು ಆದೇಶಿಸಿದರು. ಇಲಾಖೆ ಸಾರ್ಸ್ ಹೆಸರಿನ ಹಿಂದೆ ‘ಫೆಡರಲ್’ ಎಂದು ಸೇರಿಸಿತು, ಹೊಸ ಮುಖ್ಯಸ್ಥರನ್ನು ನೇಮಿಸಿತು, ಮಾನವ ಹಕ್ಕುಗಳ ವಿಭಾಗ ತೆರೆಯುತ್ತೇವೆ ಎಂದಿತು. 2019ರ ಜನವರಿಯಲ್ಲಿ ಬಂದ ಹೊಸ ಮಹಾನಿರೀಕ್ಷಕರು ದಳವನ್ನು ವಿಕೇಂದ್ರೀಕರಿಸಿ ರಾಜ್ಯಗಳ ಕಮಿಷನರ್‌ಗಳ ಕೈಗೆ ಕೊಟ್ಟರು. 2020ರ ಅಕ್ಟೋಬರ್ 4ರಂದು, ಡೆಲ್ಟಾ ರಾಜ್ಯದ ಉಘೆಲ್ಲಿಯಲ್ಲಿ ಈ ದಳದವರು ನಡೆಸಿದರೆನ್ನಲಾದ ದೌರ್ಜನ್ಯದ ವಿಡಿಯೊ ಒಂದು ದೇಶವನ್ನೇ ಕೆರಳಿಸಿದಾಗ, ದಳದವರು ಗಸ್ತು ತಿರುಗಬಾರದು, ಮಫ್ತಿಯಲ್ಲಿ ಓಡಾಡಬಾರದು ಎಂದು ನಿಷೇಧಿಸಿದರು. ಒಂದು ವಾರಕ್ಕೆ ವಿಸರ್ಜನೆಯೇ ಆಯಿತು.

ಈ ಆದೇಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಲ್ಲವೂ ದಳ ಯಾರ ಕೈಕೆಳಗೆ ಬರುತ್ತದೆ, ಅದರ ಹೆಸರೇನು, ಬಟ್ಟೆಯೇನು ಎಂಬುದರ ಬಗ್ಗೆ. ಠಾಣೆಯೊಳಗೆ ಸತ್ತವನ ಸಾವನ್ನು ಪೊಲೀಸರಲ್ಲದ ಯಾರು ತನಿಖೆ ಮಾಡಬೇಕು ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ.

ಅಪವಾದ ಒಂದಿತ್ತು. 2018ರ ಆದೇಶದ ಫಲವಾಗಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಕಾರ್ಯದರ್ಶಿ ಟೋನಿ ಒಜುಕ್ವು ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ರಚನೆಯಾಗಿ ದೇಶದ ಬೇರೆಬೇರೆ ಕಡೆ ಬಹಿರಂಗ ವಿಚಾರಣೆ ನಡೆಸಿತು. ಅದರ ಮುಂದೆ 113 ದೂರುಗಳು, ಸುಧಾರಣೆಯ ದಾರಿ ಸೂಚಿಸುವ 22 ಮನವಿಗಳು ಬಂದವು. 2019ರ ಜೂನ್‌ನಲ್ಲಿ ಅಧ್ಯಕ್ಷ ಮುಹಮ್ಮದು ಬುಹಾರಿ ಅವರಿಗೆ ಸಲ್ಲಿಸಿದ ವರದಿಯಲ್ಲಿ 37 ಮಂದಿಯನ್ನು ವಜಾ ಮಾಡಬೇಕು, 24 ಮಂದಿಯ ಮೇಲೆ ಮೊಕದ್ದಮೆ ಹೂಡಬೇಕು ಎಂಬ ಶಿಫಾರಸು ಇತ್ತು. ಹೆಸರು, ಪ್ರಕರಣ, ಕ್ರಮ ಎಲ್ಲ ಸೇರಿದ್ದ ನಿಜವಾದ ಸುಧಾರಣೆಯ ಕಾಗದ ಇದೊಂದೇ. ಅದನ್ನು ಆಗಲೇ ಜಾರಿ ಮಾಡಿದ್ದರೆ ಮುಂದಿನ ವರ್ಷದ ಅಕ್ಟೋಬರ್ ಬೇರೆಯಾಗಿರುತ್ತಿತ್ತು ಎಂದು ನಾನು ನಂಬುತ್ತೇನೆ. ವರದಿ ಸಲ್ಲಿಕೆಯಾಗಿ ವರ್ಷ ಕಳೆದ ಮೇಲೂ, 2020ರ ಜೂನ್‌ನಲ್ಲಿ ಆಮ್ನೆಸ್ಟಿ ಹೇಳಿದ್ದು ಇಷ್ಟು: ಚಿತ್ರಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಈ ದಳದ ಯಾರಿಗೂ ಶಿಕ್ಷೆಯಾದದ್ದು ಕಂಡುಬಂದಿಲ್ಲ.

ಇಲ್ಲಿ ಸುಧಾರಣಾವಾದಿಗಳ ಮೇಲೆ ಒಂದು ನ್ಯಾಯವಾದ ಆಕ್ಷೇಪವಿದೆ. ‘ನೀವು ತಿದ್ದಿ, ತಿದ್ದಿ ಎನ್ನುತ್ತಿರುವಷ್ಟು ದಿನವೂ ಲಾಕಪ್‌ನಲ್ಲಿ ಜನ ಸಾಯುತ್ತಿರುತ್ತಾರೆ. ಮೊದಲು ನಿಲ್ಲಿಸಿ.’ ಈ ಮಾತಿಗೆ ತಲೆಬಾಗಲೇಬೇಕು. ಆದರೆ ಅದೇ ಅಕ್ಟೋಬರ್‌ನಲ್ಲಿ ನಿಲ್ಲಿಸಿದಾಗ ಏನಾಯಿತು? ವಿಸರ್ಜಿತ ದಳದವರೆಲ್ಲ ಅಬುಜಾದ ಕೇಂದ್ರ ಕಚೇರಿಗೆ ಬಂದು ವಿಚಾರಣೆಗೂ ವೈದ್ಯಕೀಯ, ಮಾನಸಿಕ ತಪಾಸಣೆಗೂ ಒಳಪಡಬೇಕೆಂದು ಮಹಾನಿರೀಕ್ಷಕರು ಆದೇಶಿಸಿದರು. ಹೊಸ ಸ್ವಾಟ್‌ಗೆ ಅವರಲ್ಲಿ ಯಾರನ್ನೂ ತೆಗೆದುಕೊಳ್ಳುವುದಿಲ್ಲ ಎಂದೂ ಹೇಳಿದರು. ಸ್ವಾಟ್‌ಗೆ ಬರುವಂತಿಲ್ಲ, ಸರಿ. ಆದರೆ ಅವರು ಪೊಲೀಸರಾಗಿಯೇ ಉಳಿದರು. ದಳ ರದ್ದಾದರೆ ಸಿಬ್ಬಂದಿ ವಜಾ ಆದಂತೆ ಅಲ್ಲ. ಬಂದೂಕು, ಅಧಿಕಾರ, ಹಳೆಯ ಅಭ್ಯಾಸ ಎಲ್ಲವನ್ನೂ ಹೊತ್ತು ಬೇರೆ ಠಾಣೆಗಳಿಗೆ, ಬೇರೆ ದಳಗಳಿಗೆ ಹೋಗುತ್ತಾರೆ. ನಮ್ಮ ಇಲಾಖೆಗಳಲ್ಲಿ ತಪ್ಪು ಮಾಡಿದವರನ್ನು ಎತ್ತಂಗಡಿ ಮಾಡಿ ‘ಕ್ರಮ ಕೈಗೊಳ್ಳಲಾಗಿದೆ’ ಎನ್ನುತ್ತಾರಲ್ಲ, ಇದು ಇಡೀ ದಳದ ಎತ್ತಂಗಡಿ.

ಬೇರೆ ದಳಗಳೂ ಇದ್ದೇ ಇದ್ದವು. ಗುಪ್ತಚರ ಪ್ರತಿಕ್ರಿಯಾ ತಂಡ ಎಂಬ ಇನ್ನೊಂದು ಹೆಸರಾಂತ ಘಟಕದ ಮುಖ್ಯಸ್ಥ ಅಬ್ಬಾ ಕ್ಯಾರಿ ಹಿಂದೆ ಲಾಗೋಸ್‌ನ ಸಾರ್ಸ್ ಮುಖ್ಯಸ್ಥರೂ ಆಗಿದ್ದವರು. ಅಂತರರಾಷ್ಟ್ರೀಯ ವಂಚನೆ ಪ್ರಕರಣವೊಂದರಲ್ಲಿ ಅಮೆರಿಕದಲ್ಲಿ ಆರೋಪ ಬಂದ ಮೇಲೆ 2021ರಲ್ಲಿ ಅವರು ಅಮಾನತಾದರು. 2022ರ ಫೆಬ್ರವರಿಯಲ್ಲಿ ಕೊಕೇನ್ ವ್ಯವಹಾರದ ಆರೋಪದ ಮೇಲೆ ನೈಜೀರಿಯಾದ್ದೇ ಮಾದಕವಸ್ತು ನಿಗ್ರಹ ಸಂಸ್ಥೆ ಅವರನ್ನು ವಶಕ್ಕೆ ತೆಗೆದುಕೊಂಡಿತು. ಆ ಆರೋಪಗಳ ಸತ್ಯಾಸತ್ಯ ನ್ಯಾಯಾಲಯಕ್ಕೆ ಬಿಟ್ಟದ್ದು. ಒಂದು ಫಲಕ ಕಿತ್ತ ಮಾತ್ರಕ್ಕೆ ಒಳಗಿನ ದಾರಿಗಳು ಮುಚ್ಚುವುದಿಲ್ಲ ಎಂಬುದಕ್ಕೆ ಮಾತ್ರ ಇದನ್ನು ಹೇಳಿದೆ.

ರದ್ದತಿ ಎಲ್ಲೂ ಫಲ ಕೊಟ್ಟಿಲ್ಲ ಎಂದೇನಲ್ಲ. ಜಾರ್ಜಿಯಾ ದೇಶ 2004ರಲ್ಲಿ ಲಂಚಕ್ಕೆ ಕುಖ್ಯಾತವಾಗಿದ್ದ ತನ್ನ ಸಂಚಾರ ಪೊಲೀಸ್ ವಿಭಾಗವನ್ನೇ ಮುಚ್ಚಿ ಸಾವಿರಾರು ಮಂದಿಯನ್ನು ಮನೆಗೆ ಕಳಿಸಿತು. ಹೊಸಬರನ್ನು ಆರಿಸಿ, ಹಲವು ಪಟ್ಟು ಸಂಬಳ ಕೊಟ್ಟು, ಗಸ್ತು ಪೊಲೀಸ್ ಪಡೆ ಕಟ್ಟಿತು. ರಸ್ತೆಯ ಲಂಚ ಬಹುಮಟ್ಟಿಗೆ ನಿಂತೇಹೋಯಿತು. ಆದರೆ ಪೊಲೀಸರು ಅಧಿಕಾರಸ್ಥರ ಮಾತಿಗಿಂತ ಕಾನೂನಿಗೆ ಉತ್ತರ ಹೇಳಬೇಕು ಎಂಬ ಏರ್ಪಾಡನ್ನು ಅಲ್ಲಿ ಕಟ್ಟಲಿಲ್ಲ. 2007ರ ನವೆಂಬರ್‌ನಲ್ಲಿ ರಾಜಧಾನಿ ಟಿಬಿಲಿಸಿಯಲ್ಲಿ ವಿರೋಧ ಪಕ್ಷಗಳ ಪ್ರತಿಭಟನೆಯನ್ನು ಪೊಲೀಸರು ಬಲಪ್ರಯೋಗಿಸಿ ಚದುರಿಸಿದ ರೀತಿ ಅದನ್ನು ತೋರಿಸಿತು.

ಹಾಗಾದರೆ ದಳವನ್ನು ಉಳಿಸಿಕೊಂಡೇ ತಿದ್ದಿದ ಉದಾಹರಣೆ ಇದೆಯೇ? ನನಗೆ ತಿಳಿದಂತೆ ಅತ್ಯಂತ ಪರಿಪೂರ್ಣವಾಗಿ ಪ್ರಯತ್ನಿಸಿದ್ದು ಉತ್ತರ ಐರ್ಲೆಂಡ್‌ನಲ್ಲಿ. ಅಲ್ಲಿನ ರಾಯಲ್ ಅಲ್‌ಸ್ಟರ್ ಕಾನ್‌ಸ್ಟಾಬ್ಯುಲರಿ 1922ರಲ್ಲಿ ಹುಟ್ಟಿದ್ದು. ಜನಸಂಖ್ಯೆಯಲ್ಲಿ ಕ್ಯಾಥಲಿಕರು ಶೇ 40ಕ್ಕೂ ಹೆಚ್ಚು, ಪೊಲೀಸ್ ಪಡೆಯಲ್ಲಿ ಸುಮಾರು ಶೇ 8. ಕ್ಯಾಥಲಿಕ್ ಬಡಾವಣೆಗಳಿಗೆ ಅದು ‘ಅವರ’ ಪೊಲೀಸ್ ಆಗಿತ್ತು. ವಿಚಾರಣಾ ಕೇಂದ್ರಗಳಲ್ಲಿ ಹೊಡೆತ, ಪ್ರಾಟೆಸ್ಟೆಂಟ್ ಉಗ್ರ ಗುಂಪುಗಳೊಂದಿಗೆ ಒಳಸಂಬಂಧದ ಆರೋಪ ದಶಕಗಳಿಂದ ಇದ್ದವು. ಇನ್ನೊಂದು ಬದಿಯೂ ಇದೆ: ಐರ್ಲೆಂಡ್ ಜೊತೆ ಸೇರಬೇಕೆಂಬ ಕ್ಯಾಥಲಿಕರು, ಬ್ರಿಟನ್ನಿನಲ್ಲೇ ಉಳಿಯಬೇಕೆಂಬ ಪ್ರಾಟೆಸ್ಟೆಂಟರ ನಡುವೆ ನಡೆದ ಮೂವತ್ತು ವರ್ಷಗಳ ಸಂಘರ್ಷದಲ್ಲಿ ಈ ಪಡೆಯ 300ಕ್ಕೂ ಹೆಚ್ಚು ಪೊಲೀಸರು ಹತರಾದರು. ಒಂದು ಸಮುದಾಯಕ್ಕೆ ಪಡೆ ಉಳಿಯಲೇಬಾರದು. ಇನ್ನೊಂದಕ್ಕೆ ಅದು ಹುತಾತ್ಮರ ಪಡೆ, ಮುಟ್ಟಲೇಬಾರದು.

1998ರ ಶಾಂತಿ ಒಪ್ಪಂದ ಈ ಗಂಟನ್ನು ಬ್ರಿಟಿಷ್ ರಾಜಕಾರಣಿ ಕ್ರಿಸ್ ಪ್ಯಾಟನ್ ನೇತೃತ್ವದ ಆಯೋಗಕ್ಕೆ ಕೊಟ್ಟಿತು. 1999ರ ಸೆಪ್ಟೆಂಬರ್‌ನಲ್ಲಿ ಬಂದ ವರದಿಯಲ್ಲಿ 175 ಶಿಫಾರಸುಗಳಿದ್ದವು. ಪಡೆಯನ್ನು ವಿಸರ್ಜಿಸಬೇಕು ಎಂಬುದು ಅದರಲ್ಲಿರಲಿಲ್ಲ. ಹೆಸರು, ಲಾಂಛನ, ಪ್ರಮಾಣವಚನ ಬದಲಾದವು. 2001ರ ನವೆಂಬರ್ 4ರಿಂದ ಅದು ‘ಪೊಲೀಸ್ ಸರ್ವಿಸ್ ಆಫ್ ನಾರ್ದರ್ನ್ ಐರ್ಲೆಂಡ್’ ಆಯಿತು. ನೈಜೀರಿಯಾದಲ್ಲೂ ಹೆಸರು ಬದಲಾಯಿತಲ್ಲ ಎಂದು ಕೇಳಬಹುದು. ಇಲ್ಲಿ ಹೆಸರಿನ ಜೊತೆಗೆ ಬಂದದ್ದನ್ನು ನೋಡಬೇಕು.

ಹೆಸರಿಗಿಂತ ಮೊದಲೇ, 2000ದ ಕೊನೆಯಲ್ಲಿ, ಪೊಲೀಸ್ ಒಂಬುಡ್ಸ್‌ಮನ್ ಕಚೇರಿ ಕೆಲಸ ಶುರುಮಾಡಿತ್ತು. ಪೊಲೀಸರ ವಿರುದ್ಧದ ದೂರುಗಳನ್ನು ಈ ಕಚೇರಿಯೇ, ತನ್ನದೇ ತನಿಖಾಧಿಕಾರಿಗಳಿಂದ, ತನಿಖೆ ಮಾಡುತ್ತದೆ. ದೂರನ್ನು ಮರಳಿ ಅದೇ ಠಾಣೆಗೆ ಕಳಿಸುವ ಪದ್ಧತಿ ಅಲ್ಲಿಗೆ ಮುಗಿಯಿತು. ಮೊದಲ ಒಂಬುಡ್ಸ್‌ಮನ್ ನೂಲಾ ಒ’ಲೋನ್ 2007ರ ಜನವರಿಯಲ್ಲಿ ಪ್ರಕಟಿಸಿದ ವರದಿ, ಉತ್ತರ ಬೆಲ್‌ಫಾಸ್ಟ್‌ನಲ್ಲಿ ಕೊಲೆಗಳಲ್ಲಿ ಭಾಗಿಯಾದ ಉಗ್ರರನ್ನು ಪೊಲೀಸ್ ಗುಪ್ತದಳ ಮಾಹಿತಿದಾರರೆಂಬ ಕಾರಣಕ್ಕೆ ಕಾಪಾಡಿಕೊಂಡು ಬಂದಿತ್ತು ಎಂದು ಬಯಲು ಮಾಡಿತು. ಸರ್ಕಾರಿ ಸಂಬಳದ ಒಂದು ಕಚೇರಿ ಸರ್ಕಾರಿ ಪೊಲೀಸರ ಬಗ್ಗೆ ಹೀಗೆ ಬರೆದು, ಬರೆದ ಮೇಲೂ ಉಳಿದುಕೊಂಡಿತು. ಸುಧಾರಣೆ ನಡೆಯಿತೆಂಬುದಕ್ಕೆ ನಾನು ಮೊದಲು ಎತ್ತಿಹೇಳುವ ಸಾಕ್ಷಿ ಇದು.

ಪೊಲೀಸ್ ಮಂಡಳಿ ಎಂಬ ಇನ್ನೊಂದು ಸಂಸ್ಥೆ ಬಂತು: 19 ಸದಸ್ಯರು, ಅದರಲ್ಲಿ ಹತ್ತು ಮಂದಿ ಎಲ್ಲ ಪ್ರಮುಖ ಪಕ್ಷಗಳ ಶಾಸಕರು, ಒಂಬತ್ತು ಮಂದಿ ಸ್ವತಂತ್ರರು. ಮುಖ್ಯಾಧಿಕಾರಿಯ ನೇಮಕ, ಬಜೆಟ್, ಕೆಲಸದ ಮೌಲ್ಯಮಾಪನ ಅದರ ಕೈಯಲ್ಲಿ. ಹತ್ತು ವರ್ಷ ಕಾಲ ಹೊಸ ನೇಮಕಾತಿಯಲ್ಲಿ ಅರ್ಧ ಕ್ಯಾಥಲಿಕರು, ಅರ್ಧ ಉಳಿದವರು ಎಂಬ ನಿಯಮ ನಡೆಯಿತು. 2011ರಲ್ಲಿ ಅದು ಮುಗಿಯುವ ಹೊತ್ತಿಗೆ ಕ್ಯಾಥಲಿಕರ ಪ್ರಮಾಣ ಶೇ 30ರ ಸಮೀಪಕ್ಕೆ ಬಂದಿತ್ತು. ಹಳಬರಿಗೆ ಒಳ್ಳೆಯ ಮೊತ್ತ ಕೊಟ್ಟು ಸ್ವಯಂ ನಿವೃತ್ತಿಗೆ ದಾರಿ ಮಾಡಿದರು. ಇದಕ್ಕೆ ತುಂಬ ಹಣ ಬೇಕಾಯಿತು, ‘ಹೊಡೆದವರಿಗೂ ದುಡ್ಡೇ?’ ಎಂಬ ಕಹಿ ಪ್ರಶ್ನೆಯೂ ಬಂತು. ನನಗೂ ಆ ಕಹಿ ಅರ್ಥವಾಗುತ್ತದೆ. ಆದರೂ ಸಾವಿರಾರು ಹಳಬರು ಗಲಾಟೆಯಿಲ್ಲದೆ ಹೊರಹೋಗಿ, ಹೊಸಬರಿಗೆ ಜಾಗವಾದದ್ದು ಅದರಿಂದಲೇ.

ಎಲ್ಲಕ್ಕಿಂತ ಕಡಿಮೆ ಪ್ರಸಿದ್ಧವಾದ, ನನ್ನ ಮಟ್ಟಿಗೆ ತೀರಾ ಮುಖ್ಯವಾದ ಏರ್ಪಾಡು ಇನ್ನೊಂದು. 175 ಶಿಫಾರಸುಗಳಲ್ಲಿ ಯಾವುದು ಎಲ್ಲಿಗೆ ಬಂತು ಎಂದು ಅಳೆದು ಬಹಿರಂಗವಾಗಿ ಹೇಳುವುದಕ್ಕೇ ಒಬ್ಬ ಹೊರಗಿನ ಮೇಲ್ವಿಚಾರಣಾ ಆಯುಕ್ತರನ್ನು ನೇಮಿಸಿದರು. ಮೊದಲಿಗರು ಅಮೆರಿಕದ ನಿವೃತ್ತ ಪೊಲೀಸ್ ಅಧಿಕಾರಿ ಟಾಮ್ ಕಾನ್‌ಸ್ಟಂಟೀನ್. 2007ರ ತನಕ ಈ ಕಚೇರಿ ಒಂದರ ಹಿಂದೆ ಒಂದು ವರದಿ ಕೊಡುತ್ತಲೇ ಹೋಯಿತು. ಶಿಫಾರಸು ಕಡತದಲ್ಲಿ ಮಲಗಲು ಅವಕಾಶವೇ ಇರಲಿಲ್ಲ. ಒಜುಕ್ವು ಸಮಿತಿಯ ವರದಿಗೆ ಇಂಥ ಕಾವಲುಗಾರರು ಒಬ್ಬರಿದ್ದರೆ ಸಾಕಿತ್ತು.

2007ರ ಜನವರಿಯಲ್ಲಿ, ಕ್ಯಾಥಲಿಕರ ಬೆಂಬಲದ, ಐರ್ಲೆಂಡ್ ಏಕೀಕರಣ ಬಯಸುವ ಸಿನ್ ಫೇನ್ ಪಕ್ಷ ಪೊಲೀಸ್ ವ್ಯವಸ್ಥೆಗೆ ಬೆಂಬಲ ಕೊಡುವ ನಿರ್ಣಯ ತೆಗೆದುಕೊಂಡಿತು. ಪೊಲೀಸರನ್ನು ಶತ್ರುಗಳೆಂದೇ ಕಂಡ ರಾಜಕಾರಣ ಅವರ ಮಂಡಳಿಯಲ್ಲಿ ಕೂರಲು ಒಪ್ಪಿತು. ಎಲ್ಲ ಗಾಯ ಮಾಯಿತೆಂದು ಹೇಳಲಾರೆ. ಸಂಘರ್ಷ ಕಾಲದ ನೂರಾರು ಹತ್ಯೆಗಳ ತನಿಖೆ ಇಂದಿಗೂ ಕುಟುಂಬಗಳನ್ನು ಕೋರ್ಟಿನಿಂದ ಕೋರ್ಟಿಗೆ ಅಲೆಸುತ್ತಿದೆ, ಕ್ಯಾಥಲಿಕರ ಪ್ರಮಾಣ ಮೂರನೇ ಒಂದು ಭಾಗದ ಆಸುಪಾಸಿನಲ್ಲೇ ನಿಂತಿದೆ. ಶಾಂತಿ ಒಪ್ಪಂದ, ಲಂಡನ್ನಿನ ಹಣ, ಡಬ್ಲಿನ್ ಮತ್ತು ವಾಷಿಂಗ್ಟನ್ನಿನ ಒತ್ತಡ ಇವೆಲ್ಲ ಅಲ್ಲಿ ಕೂಡಿಬಂದವು. ನೈಜೀರಿಯಾಕ್ಕೆ ಆ ಅನುಕೂಲಗಳಿರಲಿಲ್ಲ ಎಂಬುದನ್ನೂ ಒಪ್ಪಬೇಕು. ಆದರೆ ಸ್ವತಂತ್ರ ತನಿಖೆಗೂ ಜಾರಿಯ ಲೆಕ್ಕ ಇಡುವುದಕ್ಕೂ ಮಹಾ ಸಂಪತ್ತು ಬೇಕಿಲ್ಲ. ಅಲ್ಲಿ ಬೇಕಾಗುವುದು ಅಧಿಕಾರದಲ್ಲಿರುವವರ ಮನಸ್ಸು.

ಕರ್ನಾಟಕದವರಿಗೆ ಇದು ದೂರದ ಕಥೆಯಲ್ಲ. ವೀರಪ್ಪನ್ ಬೇಟೆಗೆಂದು ಕರ್ನಾಟಕ, ತಮಿಳುನಾಡು ಕಟ್ಟಿದ ವಿಶೇಷ ಕಾರ್ಯಪಡೆಗಳೂ ಹುಟ್ಟಿದ್ದು ನಿಜವಾದ ಅಗತ್ಯದಿಂದ. ಆ ಕಾರ್ಯಾಚರಣೆಯಲ್ಲಿ ಪೊಲೀಸರು, ಅರಣ್ಯ ಸಿಬ್ಬಂದಿ ಪ್ರಾಣ ಕೊಟ್ಟಿದ್ದಾರೆ. ಅದೇ ಪಡೆಗಳು ಮಲೆ ಮಹದೇಶ್ವರ ಬೆಟ್ಟದ ಆಸುಪಾಸಿನ ಹಳ್ಳಿಗಳ, ಸೋಲಿಗರ ಹಾಡಿಗಳ ಜನರನ್ನು ಹಿಡಿದೊಯ್ದು ಹಿಂಸಿಸಿದವು ಎಂಬ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಸಮಿತಿಯ ವರದಿ ಬಂದು, 2007ರಲ್ಲಿ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ಪರಿಹಾರ ಅಷ್ಟಕ್ಕೇ ಮುಗಿಯುವ ಮಾತಲ್ಲ. ಹಿಂಸಿಸಿದವರು ಯಾರು, ಅವರ ಮೇಲೆ ಯಾವ ಮೊಕದ್ದಮೆ ನಡೆಯಿತು ಎಂದು ಆ ಕಾಡಂಚಿನ ಕುಟುಂಬಗಳು ಕೇಳಿದರೆ ಕೊಡಲು ನಮ್ಮಲ್ಲಿ ಉತ್ತರವಿಲ್ಲ.

2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರ ಇರಬೇಕೆಂದಿತು. 2020ರ ಡಿಸೆಂಬರ್‌ನಲ್ಲಿ ಪ್ರತಿ ಠಾಣೆಯಲ್ಲೂ ಲಾಕಪ್ ಸೇರಿ ಸಿಸಿಟಿವಿ ಇರಬೇಕೆಂದಿತು. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ 1997ರಲ್ಲೇ ಸಹಿ ಹಾಕಿದೆ, ಇನ್ನೂ ಅನುಮೋದಿಸಿಲ್ಲ. ನಮ್ಮಲ್ಲಿ ಯಾವುದಾದರೂ ದಳದ ಮೇಲೆ ದೂರು ಬಂದಾಗ ‘ಸುಧಾರಣೆ ಮಾಡುತ್ತೇವೆ’ ಎಂಬ ಹೇಳಿಕೆ ಓದಿದರೆ ಈ ಪ್ರಶ್ನೆಗಳನ್ನು ಕೇಳಬೇಕು: ದೂರನ್ನು ತನಿಖೆ ಮಾಡುವವರ ಬಡ್ತಿ, ವರ್ಗಾವಣೆ ಯಾರ ಕೈಯಲ್ಲಿದೆ? ಎಷ್ಟು ಮಂದಿಯ ಮೇಲೆ ಚಾರ್ಜ್‌ಶೀಟ್ ಬಿತ್ತು? ಇಲಾಖಾ ವಿಚಾರಣೆ ಬಾಕಿ ಇರುವವರನ್ನು ಎಲ್ಲಿಗೆ ಕಳಿಸಿದರು? ಶಿಫಾರಸು ಜಾರಿಯಾಯಿತೇ ಎಂದು ಜನರಿಗೆ ಹೇಳುವವರು ಯಾರು, ಎಂದು ಹೇಳುತ್ತಾರೆ? ಉತ್ತರ ಸಿಗದ ಕಡೆ ರದ್ದತಿಯ ಕೂಗು ಏಳುವುದು ಸಹಜ, ಅದನ್ನು ತಪ್ಪೆನ್ನಲು ಯಾರಿಗೂ ಬಾಯಿ ಇರುವುದಿಲ್ಲ.

ನೈಜೀರಿಯಾದಲ್ಲಿ 2020ರ ಅಕ್ಟೋಬರ್ 20ರ ರಾತ್ರಿ ಲಾಗೋಸ್‌ನ ಲೆಕ್ಕಿ ಟೋಲ್ ಗೇಟ್ ಬಳಿ ಧರಣಿ ಕೂತವರ ಮೇಲೆ ಸೈನಿಕರು ಗುಂಡು ಹಾರಿಸಿದರು. ಆ ದಿನಗಳ ಗಲಭೆಯಲ್ಲಿ ನಾಗರಿಕರೂ ಸತ್ತರು, ಪೊಲೀಸರೂ ಸತ್ತರು, ಠಾಣೆಗಳು ಉರಿದವು. ರಾಜ್ಯಗಳು ನ್ಯಾಯಾಂಗ ಸಮಿತಿಗಳನ್ನು ರಚಿಸಿದವು. ನಿವೃತ್ತ ನ್ಯಾಯಮೂರ್ತಿ ಡೋರಿಸ್ ಒಕುವೋಬಿ ಅವರ ಲಾಗೋಸ್ ಸಮಿತಿ 235 ಅರ್ಜಿಗಳನ್ನು ಸ್ವೀಕರಿಸಿ, ಪೊಲೀಸ್ ದೌರ್ಜನ್ಯಕ್ಕೆ ಒಳಗಾದ 70 ಅರ್ಜಿದಾರರಿಗೆ ಸುಮಾರು 41 ಕೋಟಿ ನೈರಾ (ನೈಜೀರಿಯಾದ ಹಣ) ಪರಿಹಾರ ಕೊಡಿಸಿತು. ಲೆಕ್ಕಿ ಘಟನೆಯನ್ನು ನರಮೇಧಕ್ಕೆ ಸಮ ಎಂದು ಅದು ಬರೆದದ್ದನ್ನು ಲಾಗೋಸ್ ಸರ್ಕಾರ ತಳ್ಳಿಹಾಕಿತು. 2024ರ ಜುಲೈನಲ್ಲಿ ಪಶ್ಚಿಮ ಆಫ್ರಿಕಾ ರಾಷ್ಟ್ರಗಳ ಒಕ್ಕೂಟದ ನ್ಯಾಯಾಲಯ ತೀರ್ಪು ಕೊಟ್ಟು, ಲೆಕ್ಕಿಯಲ್ಲಿ ನೈಜೀರಿಯಾ ಸರ್ಕಾರ ಮಾನವ ಹಕ್ಕುಗಳನ್ನು ಉಲ್ಲಂಘಿಸಿದೆ ಎಂದಿತು. ಮೂವರು ಅರ್ಜಿದಾರರಿಗೆ ತಲಾ 20 ಲಕ್ಷ ನೈರಾ ಕೊಡಬೇಕು, ಉಲ್ಲಂಘನೆ ಮಾಡಿದವರನ್ನು ತನಿಖೆಗೊಳಪಡಿಸಿ ಮೊಕದ್ದಮೆ ಹೂಡಬೇಕು ಎಂದು ಆದೇಶಿಸಿತು. ಬೀದಿಯಲ್ಲಿ ಕೂತ ಯುವಜನರ ಪಟ್ಟಿಯಲ್ಲಿ ಎರಡನೆಯದಾಗಿಯೂ ಮೂರನೆಯದಾಗಿಯೂ ಇದ್ದದ್ದು ಇದೇ ಬೇಡಿಕೆ.